ಗುಬ್ರಾದ ದುಡಿಮೆ, ಮಂಗಳೂರಿನ ಹಂಚಿನ ಮನೆ

ಮಸ್ಕತ್‌ನ ಅಲ್ ಗುಬ್ರಾದಲ್ಲಿ ಇಪ್ಪತ್ತು ವರ್ಷ ತಪ್ಪದೆ ಬಾಡಿಗೆ ಕಟ್ಟಿದ ಸಂಸಾರಕ್ಕೂ ಅಲ್ಲಿನ ಮನೆ ಸ್ವಂತದ್ದಾಗುವುದಿಲ್ಲ. ಸುಲ್ತಾನ್ ಕಾಬೂಸ್ ಮಹಾಮಸೀದಿ, ರಾಯಲ್ ಆಸ್ಪತ್ರೆ, ಇಂಡಿಯನ್ ಸ್ಕೂಲ್ ಇರುವ ಬೌಶರ್ ವಿಲಾಯತ್‌ನ ಈ ಬಡಾವಣೆಯಲ್ಲಿ ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಹೋದವರ ಮನೆಗಳೂ ಇವೆ. ಆದರೆ ಗಲ್ಫ್ ಸಹಕಾರ ಮಂಡಳಿಯ ದೇಶಗಳವರನ್ನು ಬಿಟ್ಟರೆ ಹೊರಗಿನವರು ಒಮಾನಿನ ಸಾಮಾನ್ಯ ಬಡಾವಣೆಗಳಲ್ಲಿ ನಿವೇಶನವನ್ನಾಗಲಿ ಮನೆಯನ್ನಾಗಲಿ ಸಾಮಾನ್ಯವಾಗಿ ಪೂರ್ತಿ ಹಕ್ಕಿನಿಂದ ಕೊಳ್ಳುವಂತಿಲ್ಲ. 2006ರ ರಾಜಾಜ್ಞೆ ಪ್ರವಾಸೋದ್ಯಮ ಸಂಕೀರ್ಣಗಳಲ್ಲಿ ಮಾತ್ರ ಆ ಬಾಗಿಲು ತೆರೆಯಿತು. ಸೀಬ್‌ನ ಅಲ್ ಮೌಜ್ ಅಂಥದ್ದೊಂದು. ಅಲ್ಲಿನ ಬೆಲೆ ಸಂಬಳದಾರನ ಕೈಗೆ ಸುಲಭಕ್ಕೆ ಎಟುಕುವುದಿಲ್ಲ. 2020ರಲ್ಲಿ ಮಸ್ಕತ್ ಗವರ್ನರೇಟ್‌ನ ಗೊತ್ತುಪಡಿಸಿದ ಕೆಲವು ಜಾಗಗಳ ಬಹುಮಹಡಿ ಕಟ್ಟಡಗಳಲ್ಲಿ 50 ವರ್ಷಗಳ ಅನುಭೋಗದ ಹಕ್ಕು ಪಡೆಯಲು ಹೊರದೇಶದವರಿಗೂ ಅವಕಾಶವಾಯಿತು. ಅದು ಅನುಭೋಗವೇ ಹೊರತು ಮಾಲೀಕತ್ವವಲ್ಲ. ಕೆಲಸ ಹೋದರೆ ಸಾಮಾನ್ಯವಾಗಿ ವೀಸಾವೂ ಹೋಗುವ ನಾಡಿನಲ್ಲಿ ಸ್ವಂತ ಮನೆಯ ಯೋಚನೆ ಕಡಲು ದಾಟಿ ಊರಿಗೇ ಬರಬೇಕು. ಬಹಳ ಜನರ ಪಾಲಿಗೆ ಆ ಊರೆಂದರೆ ಕದ್ರಿಯಲ್ಲೋ ಜೆಪ್ಪುವಿನಲ್ಲೋ ಉರ್ವದಲ್ಲೋ ಅಪ್ಪನೋ ಅಜ್ಜಿಯೋ ಬಾಳಿದ, ಈಗ ಅರ್ಧ ಬೀಗ ಬಿದ್ದಿರುವ ಹಂಚಿನ ಮನೆ.

ಆ ಮನೆಯನ್ನು ಏನು ಮಾಡುವುದೆಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡೇ ಉತ್ತರ ಕೇಳಿಬರುತ್ತವೆ. ಬಿಲ್ಡರಿಗೆ ಕೊಟ್ಟು ಬದಲಿಗೆ ಒಂದೆರಡು ಫ್ಲ್ಯಾಟ್ ತೆಗೆದುಕೊಳ್ಳುವುದು; ಇಲ್ಲವೇ ಒಂದೇ ರಜೆಯಲ್ಲಿ ಕೆಡವಿಸಿ, ಮುಂದಿನ ರಜೆಯ ಹೊತ್ತಿಗೆ ತಾರಸಿ ಮನೆ ಎಬ್ಬಿಸುವುದು. ಮೂರನೆಯದೊಂದು ದಾರಿಯಿದೆ. ಒಡಹುಟ್ಟಿದವರ ಪಾಲನ್ನು ನ್ಯಾಯವಾದ ಬೆಲೆಗೆ ಕೊಂಡು, ಮನೆಯನ್ನು ನಿಂತಂತೆಯೇ ಉಳಿಸಿಕೊಂಡು, ವರ್ಷಕ್ಕೊಂದು ಕೆಲಸದಂತೆ ಐದಾರು ವರ್ಷಗಳಲ್ಲಿ ಅದನ್ನು ಇಂದಿನ ಬಾಳಿಗೆ ಹೊಂದಿಸುವುದು. ಕೈಯಲ್ಲಿ ದುಡ್ಡಿಲ್ಲದವರು ಮಾಡುವ ಕೆಲಸವೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ಕರಾವಳಿಯ ಹಳೆಯ ಮನೆಯ ಮಟ್ಟಿಗೆ ನಿಧಾನವೇ ಸರಿಯಾದ ಕ್ರಮ, ದುಡ್ಡಿದ್ದವರಿಗೂ ಅದೇ ಕ್ರಮ ಎಂಬುದು ನನ್ನ ವಾದ. ಇದಕ್ಕೆ ಕಾರಣ ಹಳೆಯದರ ಮೇಲಿನ ಮೋಹವಲ್ಲ. ಮಳೆ, ಗೋಡೆ, ಕಾಗದಪತ್ರ, ಸಂಬಳ ಈ ನಾಲ್ಕೂ ಒಂದೇ ಕಡೆಗೆ ಕೈ ತೋರಿಸುತ್ತವೆ.

ಮೊದಲು ಮಳೆ. ಮಸ್ಕತ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಮಂಗಳೂರಿನಲ್ಲಿ 3,500 ಮಿಲಿಮೀಟರಿಗೂ ಹೆಚ್ಚು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. 2007ರ ಜೂನ್‌ನಲ್ಲಿ ಬಂದ ಗೋನು ಚಂಡಮಾರುತದಂಥ ಅಪರೂಪದ ದಿನಗಳನ್ನು ಬಿಟ್ಟರೆ, ಗುಬ್ರಾದ ಮನೆ ಕಾದಾಡಬೇಕಾದ್ದು ಬಿಸಿಲಿನ ಜೊತೆ. ಅಲ್ಲಿ ಚಪ್ಪಟೆ ತಾರಸಿ, ಬಿಗಿಯಾಗಿ ಮುಚ್ಚುವ ಕಿಟಕಿ, ಎಡೆಬಿಡದ ಏಸಿ ಎಲ್ಲವೂ ಆ ಹವೆಗೆ ಒಪ್ಪುವಂಥವು. ಆ ಮನೆಯಲ್ಲಿ ಹತ್ತಾರು ವರ್ಷ ಬಾಳಿದವರ ಕಣ್ಣಿಗೆ ಮನೆಯೆಂದರೆ ಅದೇ ಆಗಿಬಿಡುತ್ತದೆ. ಊರಿಗೆ ಮರಳಿದಾಗ ಅದನ್ನೇ ಕಟ್ಟಿಸುತ್ತಾರೆ. ಆಮೇಲೆ ಏನಾಯಿತೆಂಬುದನ್ನು ದಕ್ಷಿಣ ಕನ್ನಡದ ಯಾವ ರಸ್ತೆಯಲ್ಲಿ ಹೋದರೂ ನೋಡಬಹುದು. ಸೋರುವ ತಾರಸಿಗೆ ಒಂದು ಮಳೆಗಾಲ ಕೆಮಿಕಲ್ ಬಳಿಸಿ, ಮತ್ತೊಂದು ಮಳೆಗಾಲ ಟಾರ್ಪಾಲು ಹೊದಿಸಿ, ಕೊನೆಗೆ ಕಬ್ಬಿಣದ ಕಂಬ ನಿಲ್ಲಿಸಿ ಇಡೀ ಮನೆಯ ಮೇಲೆ ಶೀಟು ಹಾಕಿಸುತ್ತಾರೆ. ಲಕ್ಷಗಟ್ಟಲೆ ಸುರಿದು ಹಾಕಿದ ಸ್ಲ್ಯಾಬಿನ ಮೇಲೆ ಇನ್ನೊಂದು ಇಳಿಜಾರು ಮಾಡು! ಕೆಡವಿದ ಹಂಚಿನ ಮಾಡು ಅದೇ ಕೆಲಸವನ್ನು ಅಜ್ಜನ ಕಾಲದಿಂದ ಮಾಡಿಕೊಂಡು ಬಂದಿತ್ತು.

ಈ ಹಂಚು ಊರಿನ ಹೆಸರನ್ನೇ ಹೊತ್ತು ದೂರದ ದೇಶಗಳಿಗೆ ಹೋದ ಸರಕು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನೇತ್ರಾವತಿ, ಗುರುಪುರ ನದಿಗಳ ಜೇಡಿಮಣ್ಣು, ಕಾಡಿನ ಸೌದೆ, ಹತ್ತಿರವೇ ಬಂದರು, ಮೂರೂ ಕೂಡಿಬಂದದ್ದರಿಂದ ಅದು ಬೇಗ ಬೆಳೆಯಿತು. ಅದರ ಗುಣ ಲೆಕ್ಕದಲ್ಲೂ ಕಾಣುತ್ತದೆ. ನಾಲ್ಕಿಂಚಿನ ಕಾಂಕ್ರೀಟ್ ಸ್ಲ್ಯಾಬ್ ಒಂದು ಚದರ ಮೀಟರಿಗೆ ಸುಮಾರು 250 ಕಿಲೋ ತೂಗುತ್ತದೆ. ಅಷ್ಟೇ ಜಾಗಕ್ಕೆ ಹೊದಿಸುವ ಹದಿನೈದರಷ್ಟು ಹಂಚುಗಳ ತೂಕ ಅದರ ಐದನೆಯ ಒಂದು ಭಾಗವನ್ನೂ ಮುಟ್ಟುವುದು ಕಷ್ಟ. ಹಳೆಯ ಕೆಂಪುಕಲ್ಲಿನ ಗೋಡೆಯೂ ಅದರ ಪಾಯವೂ ಆ ಹಗುರ ಮಾಡನ್ನು ಹೊರಲೆಂದು ಕಟ್ಟಿದವು. ಗೋಡೆ ಗಟ್ಟಿಯಿದೆ, ಮಾಡು ಮಾತ್ರ ತೆಗೆದು ಸ್ಲ್ಯಾಬ್ ಹಾಕಿಬಿಡೋಣ ಎನ್ನುವ ಮೇಸ್ತ್ರಿಯ ಸಲಹೆಗೆ ತಲೆದೂಗುವ ಮೊದಲು ಈ ತೂಕ ನೆನಪಿರಬೇಕು.

ಗೋಡೆಯ ವಿಷಯ ಇನ್ನೂ ಸೂಕ್ಷ್ಮ. ಕೆಂಪುಕಲ್ಲು, ನಮ್ಮ ಮುರಕಲ್ಲು, ಕೋರೆಯಲ್ಲಿ ಕಡಿಯುವಾಗ ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಮೈತುಂಬ ತೂತಿರುವ ಈ ಕಲ್ಲು ಮಳೆಗಾಲದಲ್ಲಿ ತೇವ ಎಳೆದುಕೊಂಡು ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಹಳಬರು ಚಿಪ್ಪಿನ ಸುಣ್ಣದ ಗಾರೆಯಲ್ಲಿ ಕಟ್ಟಿ, ಸುಣ್ಣವನ್ನೇ ಬಳಿದದ್ದರಿಂದ ಆ ಹೋಗಿಬರುವಿಕೆಗೆ ಅಡ್ಡಿಯಿರಲಿಲ್ಲ. ಈಗಿನ ರಿಪೇರಿಯವರು ಮಾಡುವ ಮೊದಲ ಕೆಲಸವೆಂದರೆ ಸುಣ್ಣ ಕೆರೆದು ಸಿಮೆಂಟ್ ಗಾರೆ ಬಡಿದು, ಮೇಲೆ ಪುಟ್ಟಿ ಎಳೆದು, ಹೊಳೆಯುವ ಪ್ಲಾಸ್ಟಿಕ್ ಬಣ್ಣ ಬಳಿಯುವುದು. ಎರಡು ಮಳೆಗಾಲ ಕಳೆಯಲಿ, ಗೋಡೆಯ ಬುಡದಿಂದ ಒಂದೆರಡು ಅಡಿ ಎತ್ತರದಲ್ಲಿ ಬಣ್ಣ ಗುಳ್ಳೆಯೇಳುತ್ತದೆ. ಬೆರಳಿನಿಂದ ಒತ್ತಿದರೆ ಗುಳ್ಳೆ ಒಡೆದು ಒಳಗಿಂದ ಉಪ್ಪಿನಂಥ ಬಿಳಿ ಹುಡಿ ಉದುರುತ್ತದೆ. ಅದು ಬಣ್ಣದ ದೋಷವಲ್ಲ. ಪಾಯದಿಂದ ಏರಿದ ತೇವ ಹೊರಗೆ ಹೋಗಲು ದಾರಿ ಸಿಗದೆ, ಹೊತ್ತು ತಂದ ಲವಣವನ್ನು ಗಾರೆಯ ಹಿಂದೆಯೇ ಬಿಟ್ಟಿದೆ. ಮತ್ತೆ ಮತ್ತೆ ಬಣ್ಣ ಬಳಿಸುವುದರಿಂದ ಇದು ವಾಸಿಯಾಗುವುದಿಲ್ಲ. ಸಿಮೆಂಟ್ ಗಾರೆ ತೆಗೆಸಿ, ಅಂಗಳದ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಇಳಿಜಾರು ಮಾಡಿ, ಮಾಡಿನ ಅಂಚಿಗೆ ದಂಬೆ ಕಟ್ಟಿ, ಮತ್ತೆ ಸುಣ್ಣಕ್ಕೆ ಮರಳಬೇಕು. ಇದಕ್ಕೆ ಖರ್ಚು ಕಡಿಮೆ, ಕಾಯುವ ಕೆಲಸ ಹೆಚ್ಚು. ಸುಣ್ಣದ ಗಾರೆ ಒಂದು ವಾರದಲ್ಲಿ ಸೆಟ್ ಆಗುವ ವಸ್ತುವಲ್ಲ.

ಇಂಥ ನಿಧಾನದ ದುರಸ್ತಿಗೆ ಒಮಾನಿನಲ್ಲೇ ದೊಡ್ಡ ನಿದರ್ಶನವಿದೆ. ನಿಝ್ವಾದ ಹತ್ತಿರದ ಬಹ್ಲಾ ಕೋಟೆ 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಮರುವರ್ಷವೇ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಮಣ್ಣಿನ ಇಟ್ಟಿಗೆಯ ಗೋಡೆಗಳು ಮಳೆ ಬಂದಾಗಲೆಲ್ಲ ಕರಗಿ ಕುಸಿಯುತ್ತಿದ್ದವು. ವರ್ಷಗಟ್ಟಲೆ ದುರಸ್ತಿ ನಡೆದ ಮೇಲೆ 2004ರಲ್ಲಿ ಅದು ಅಪಾಯದ ಪಟ್ಟಿಯಿಂದ ಹೊರಬಂತು. ಹಣಕ್ಕೆ ಬರವಿಲ್ಲದ ಒಂದು ಸರ್ಕಾರಕ್ಕೂ ಅಷ್ಟು ಕಾಲ ಹಿಡಿಯಿತು. ಮಿಸ್ಫಾ ಅಲ್ ಅಬ್ರಿಯೀನ್ ಎಂಬ ಗುಡ್ಡದ ಹಳ್ಳಿಯಲ್ಲಿ ಊರವರೇ ತಮ್ಮ ಹಳೆಯ ಮಣ್ಣಿನ ಮನೆಗಳನ್ನು ಸರಿಪಡಿಸಿ ಅತಿಥಿಗಳಿಗೆ ತೆರೆದಿದ್ದಾರೆ. ಮಸ್ಕತ್‌ನ ನಮ್ಮವರು ವಾರಾಂತ್ಯಕ್ಕೆ ಅಲ್ಲಿಗೆ ಹೋಗಿ ಆ ಗೋಡೆಗಳ ತಂಪನ್ನು ಮೆಚ್ಚಿಕೊಂಡು ಬರುತ್ತಾರೆ. ಅದೇ ಕಣ್ಣಿನಿಂದ ಜೆಪ್ಪುವಿನ ಮನೆಯನ್ನೂ ಒಮ್ಮೆ ನೋಡಬೇಕೆಂಬುದು ನನ್ನ ಆಸೆ.

ರಜೆಯ ಲೆಕ್ಕವೂ ನಿಧಾನದ ಪರವಾಗಿಯೇ ಇದೆ. ಒಮಾನಿನ ಭಾರತೀಯ ಶಾಲೆಗಳಿಗೆ ದೊಡ್ಡ ರಜೆ ಜೂನ್, ಜುಲೈಯಲ್ಲಿ. ಮಂಗಳೂರಿನಲ್ಲಿ ಆಗ ಹಂಚು ತೆಗೆದು ಮಾಡು ಬಿಚ್ಚುವುದು ಅಸಾಧ್ಯದ ಮಾತು. ರಜೆ ದಂಡವಾಯಿತೆಂದು ಬೇಸರಪಡುವವರಿದ್ದಾರೆ. ನಿಜಕ್ಕೂ ಮನೆಯ ರೋಗ ಪತ್ತೆ ಮಾಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಯಾವ ಕೋಣೆಯಲ್ಲಿ ಎಲ್ಲಿ ಹನಿ ಬೀಳುತ್ತದೆ, ಎರಡು ಮಾಡು ಕೂಡುವ ಸಂದಿನಲ್ಲಿ ನೀರು ಎತ್ತ ಹರಿಯುತ್ತದೆ, ಬಾವಿಯ ನೀರು ಎಷ್ಟು ಮೇಲೆ ಬರುತ್ತದೆ, ಪಕ್ಕದ ಕಂಪೌಂಡಿನ ನೀರು ನಮ್ಮ ಅಂಗಳಕ್ಕೆ ನುಗ್ಗುತ್ತದೆಯೇ, ಒರಲೆ ಯಾವ ಮೂಲೆಯಿಂದ ಹತ್ತುತ್ತಿದೆ, ಇವೆಲ್ಲ ಜುಲೈಯ ಒಂದು ಜೋರು ಮಳೆಯಲ್ಲಿ ಕಂಡಷ್ಟು ಜನವರಿಯ ಬಿಸಿಲಿನಲ್ಲಿ ಕಾಣುವುದಿಲ್ಲ. ಕಂಡದ್ದನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೇ ಗುರುತು ಹಾಕಿ ಫೋಟೊ ತೆಗೆದಿಟ್ಟರೆ, ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣಗಾಲದಲ್ಲಿ ಮಾಡಿಸಬೇಕಾದ ಕೆಲಸ ತಾನೇ ಗೊತ್ತಾಗುತ್ತದೆ. ಕೊಂಡ ಮೇಲೆ ಒಂದು ಮಳೆಗಾಲ ಪೂರ್ತಿ ನೋಡದೆ ಈ ಊರಿನ ಯಾವ ಹಳೆಯ ಮನೆಗೂ ಉಳಿ ಸುತ್ತಿಗೆ ತಾಗಿಸಬಾರದು.

ಆಮೇಲೆ ಮೊದಲ ದುಡ್ಡು ಮಾಡಿಗೆ. ಹಂಚು ಇಳಿಸಿದಾಗ ಪಕ್ಕಾಸುಗಳ ತುದಿಯನ್ನು, ಅವು ಗೋಡೆಯ ಮೇಲೆ ಕೂರುವ ಜಾಗವನ್ನು ಆಚಾರಿ ಉಳಿಯಿಂದ ಕುಟ್ಟಿ ನೋಡಬೇಕು. ಕೊಳೆಯುವುದು ಹೆಚ್ಚಾಗಿ ಅಲ್ಲೇ. ತುದಿಯಷ್ಟೇ ಹೋಗಿದ್ದರೆ ಅಷ್ಟನ್ನೇ ಕತ್ತರಿಸಿ ಜೋಡಿಸಬಹುದು, ಇಡೀ ಮರ ಎಸೆಯಬೇಕಿಲ್ಲ. ಎರಡನೆಯದು ವಿದ್ಯುತ್ತು. ಎರಡು ಬಲ್ಬು ಒಂದು ಫ್ಯಾನಿಗೆಂದು ಮರದ ಪಟ್ಟಿಯ ಮೇಲೆ ಎಳೆದ ಹಳೆಯ ವೈರಿನ ಮೇಲೆ ಈಗ ಫ್ರಿಜ್ಜು, ಗೀಸರು, ಪಂಪು, ವಾಷಿಂಗ್ ಮೆಷಿನ್ನು ಎಲ್ಲ ಬಂದು ಕೂತಿರುತ್ತವೆ. ಅರ್ತಿಂಗ್ ಇರುವುದೇ ಅಪರೂಪ. ಮರದ ಮಾಡಿನ ಮನೆಯಲ್ಲಿ ಇದರಷ್ಟು ದೊಡ್ಡ ಅಪಾಯ ಇನ್ನೊಂದಿಲ್ಲ. ಇಲ್ಲಿ ಉಳಿತಾಯದ ಮಾತೇ ಬೇಡ, ವೈರಿಂಗ್ ಪೂರ್ತಿ ಹೊಸದಾಗಲಿ, ಸೋರಿಕೆಯಾದರೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಇರಲಿ, ಮೆಸ್ಕಾಂನಿಂದ ಲೋಡು ಏರಿಸಿಕೊಳ್ಳಲಿ. ಮೂರನೆಯದು ಬಚ್ಚಲು. ಹಿತ್ತಲಿನಲ್ಲಿರುವ ಬಚ್ಚಲು, ಪಾಯಿಖಾನೆ ಎಪ್ಪತ್ತು ದಾಟಿದ ಅಮ್ಮನಿಗೆ ರಾತ್ರಿ ಹೊತ್ತು ಮಳೆಯಲ್ಲಿ ಶಿಕ್ಷೆ. ಮಲಗುವ ಕೋಣೆಗೆ ತಾಗಿ, ಮೆಟ್ಟಿಲಿಲ್ಲದ, ಜಾರದ ನೆಲದ ಒಂದು ಬಚ್ಚಲು ಬರುವವರೆಗೆ ಅಡುಗೆಮನೆಯ ಹೊಸ ಕಪಾಟಿನ ಯೋಚನೆ ದೂರವಿರಲಿ. ಏಸಿಯಲ್ಲೇ ಬೆಳೆದ ಮಕ್ಕಳಿಗಾಗಿ ಒಂದು ಕೋಣೆಗೆ ಮರದ ಮುಚ್ಚಿಗೆ ಹಾಕಿ ಏಸಿ ಕೂರಿಸಿದರೆ ಸಾಕು, ಇಡೀ ಮನೆಯನ್ನು ಗುಬ್ರಾ ಮಾಡಬೇಕಿಲ್ಲ. ನೆಲ, ಬಣ್ಣ, ಗೇಟು ಎಲ್ಲಕ್ಕಿಂತ ಕೊನೆಗೆ. ರೆಡ್ ಆಕ್ಸೈಡ್ ನೆಲ ಒಡೆಯದೆ ಉಳಿದಿದ್ದರೆ ಅದರ ಮೇಲೆ ಟೈಲ್ಸ್ ಹಾಕಿಸುವುದು ನನ್ನ ಮಟ್ಟಿಗೆ ತಪ್ಪೇ.

ಇಷ್ಟೆಲ್ಲದರ ಮೊದಲು ಕಾಗದಪತ್ರ. ನಿಧಾನ ಇಲ್ಲಿ ಬೇರೆ ಅರ್ಥದಲ್ಲಿ ಬೇಕು. ಮಂಗಳೂರಿನ ಹಳೆಯ ಮನೆಗಳಲ್ಲಿ ಹಲವು ಮೂಲಗೇಣಿ ಜಾಗದಲ್ಲಿ ನಿಂತಿವೆ. ಮನೆ ನಮ್ಮದು, ನೆಲದ ಮೂಲ ಹಕ್ಕು ಇನ್ನೊಬ್ಬರದು. ಮೂಲಗೇಣಿದಾರರಿಗೆ ಒಡೆತನ ಕೊಡಲು ರಾಜ್ಯ 2011ರಲ್ಲಿ ಕಾಯ್ದೆ ಮಾಡಿತು, ಅದೂ ನ್ಯಾಯಾಲಯದ ಮೆಟ್ಟಿಲೇರಿತು. ಹಳೆಯ ದಸ್ತಾವೇಜಿನಲ್ಲಿ ಆ ಪದ ಕಂಡರೆ ವಕೀಲರ ಮಾತು ಮುಗಿಯುವವರೆಗೆ ಮುಂಗಡವನ್ನೂ ಕೊಡಬಾರದು. ಇನ್ನು ಪಾಲಿನ ಲೆಕ್ಕ. ಅಳಿಯಸಂತಾನದ ಕುಟುಂಬ, ಮಕ್ಕಳಸಂತಾನದ ಕುಟುಂಬ, ಕ್ರೈಸ್ತರು, ಮುಸ್ಲಿಮರು, ಒಬ್ಬೊಬ್ಬರದು ಒಂದೊಂದು ಉತ್ತರಾಧಿಕಾರದ ನಿಯಮ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಪಾಲಿಲ್ಲ ಎನ್ನುವ ಬಾಯಿಮಾತು ಈ ಯಾವುದರಲ್ಲೂ ನಿಲ್ಲುವುದಿಲ್ಲ. ಅವಿಭಕ್ತ ಹಿಂದೂ ಆಸ್ತಿಯಲ್ಲಿ ಮಗಳು ಹುಟ್ಟಿನಿಂದಲೇ ಸಮಪಾಲಿನವಳೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಅಕ್ಕತಂಗಿಯರ ರುಜುವಿಲ್ಲದ ಪತ್ರ ಅರ್ಧ ಪತ್ರ. ಎಲ್ಲರೂ ಒಪ್ಪಿದ ಬೆಲೆಗೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಿ, ಖಾತೆ ಬದಲಾಗಿ, ಋಣಭಾರ ಪತ್ರದಲ್ಲಿ ಅದು ಕಂಡ ಮೇಲಷ್ಟೇ ಮೇಸ್ತ್ರಿಗೆ ಫೋನು. ಅಣ್ಣ ಅನುಮತಿ ಕೊಟ್ಟಿದ್ದಾನೆಂದು ಮೊದಲೇ ಹತ್ತು ಲಕ್ಷದ ಮಾಡು ಹೊದಿಸಿದರೆ, ಮನೆಯ ಬೆಲೆ ಏರಿ ಅಣ್ಣನ ಪಾಲಿನ ಬೆಲೆಯೂ ಏರುತ್ತದೆ. ಜಗಳಕ್ಕೆ ಅಷ್ಟು ಸಾಕು.

ಗುಬ್ರಾದಲ್ಲಿ ಕೂತು ಇದನ್ನು ಮಾಡಿಸಬಹುದು. ಅನಿವಾಸಿ ಭಾರತೀಯರು ಭಾರತದಲ್ಲಿ ವಾಸದ ಮನೆ ಕೊಳ್ಳಲು ರಿಸರ್ವ್ ಬ್ಯಾಂಕಿನ ಪ್ರತ್ಯೇಕ ಅನುಮತಿ ಬೇಕಿಲ್ಲ. ಕೃಷಿ ಜಮೀನು, ತೋಟ, ಫಾರ್ಮ್‌ಹೌಸು ಮಾತ್ರ ಕೊಳ್ಳುವಂತಿಲ್ಲ. ಹಣ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ ಬ್ಯಾಂಕಿನ ಮೂಲಕವೇ ಹೋಗಬೇಕು. ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರವನ್ನು ಊರಿಗೆ ಕಳಿಸಿ, ಅದು ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಆದರೆ ಅಧಿಕಾರ ಪತ್ರವೇ ಕ್ರಯಪತ್ರವಲ್ಲ, ಅದರಿಂದ ಒಡೆತನ ವರ್ಗವಾಗದು ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಹಲವರು ಎಡವುವ ಇನ್ನೊಂದು ಜಾಗ ತೆರಿಗೆ ಕಡಿತ. ಪಾಲು ಮಾರುವ ಅಕ್ಕ ಊರಿನಲ್ಲೇ ಇದ್ದು ಬೆಲೆ 50 ಲಕ್ಷ ಮುಟ್ಟಿದರೆ ಶೇ 1ರಷ್ಟು ಮುರಿದು ಕಟ್ಟಬೇಕು. ತಮ್ಮ ದುಬೈಯಲ್ಲೋ ಟೊರಾಂಟೊದಲ್ಲೋ ಇದ್ದರೆ ಆ ಮಿತಿ ಅನ್ವಯಿಸುವುದಿಲ್ಲ, ಕಡಿತದ ದರವೂ ಬಹಳ ಹೆಚ್ಚು. ಮುರಿಯದಿದ್ದರೆ ಹೊಣೆ ಕೊಂಡವನ ತಲೆಗೆ.

ಸಂಬಳದ ವಿಷಯಕ್ಕೆ ಬಂದರೆ, ಒಮಾನಿ ರಿಯಾಲ್ 1986ರಿಂದ ಡಾಲರಿಗೆ ಒಂದೇ ದರದಲ್ಲಿ, 2.6008ಕ್ಕೆ, ಕಟ್ಟಿಕೊಂಡಿದೆ. ರುಪಾಯಿ ಇಳಿದಷ್ಟೂ ಗುಬ್ರಾದ ಉಳಿತಾಯ ಊರಿನಲ್ಲಿ ಬೆಳೆಯುತ್ತದೆ. ಊರಿನ ಕೂಲಿ, ಮರದ ಬೆಲೆಯೂ ಏರುವುದರಿಂದ ಇದೊಂದನ್ನೇ ನಂಬಿ ಮುಂದೂಡುವುದು ಜಾಣತನವಲ್ಲ. ಆದರೆ ಕೈಯಿಂದ ಕೊಡುವವನಿಗೆ ನಿಧಾನ ನಷ್ಟವೂ ಅಲ್ಲ. ದೊಡ್ಡ ವ್ಯತ್ಯಾಸ ಅಪಾಯದಲ್ಲಿದೆ. ಹುದ್ದೆಗಳಿಗೆ ಒಮಾನಿಗಳನ್ನೇ ತುಂಬುವ ಒಮಾನೀಕರಣದ ಕಾಲದಲ್ಲಿ ಯಾವ ಹುದ್ದೆಯೂ ಶಾಶ್ವತವಲ್ಲ. ಕೆಡವಿ ಕಟ್ಟುತ್ತಿರುವಾಗ ಕೆಲಸ ಹೋದರೆ ಉಳಿಯುವುದು ಕಂಬಿ ಚಾಚಿದ ಕಂಬಗಳು, ಬ್ಯಾಂಕಿನ ಕಂತು, ಜೊತೆಗೆ ಊರಿನಲ್ಲೂ ಬಾಡಿಗೆ ಮನೆ. ವರ್ಷಕ್ಕೊಂದು ಕೆಲಸ ಮಾಡಿಸುವವನ ಮನೆ ಯಾವ ಹಂತದಲ್ಲಿ ನಿಂತರೂ ವಾಸಕ್ಕೆ ಒದಗುತ್ತದೆ. ಮೂರನೆಯ ವರ್ಷ ಕೆಲಸ ಹೋಯಿತೆಂದರೆ ಸೋರದ ಮಾಡು, ಹೊಸ ವೈರಿಂಗ್, ಒಳಗೊಂದು ಬಚ್ಚಲು ಇರುವ ಮನೆಗೆ ಬಂದು ಇಳಿಯಬಹುದು.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವೇನಲ್ಲ. ದೂರದಲ್ಲಿ ಕೂತವನಿಗೆ ಮೇಲ್ವಿಚಾರಣೆ ಹೇಗೆ ಎಂಬುದು ಮೊದಲನೆಯದು. ನನಗನ್ನಿಸುವಂತೆ ಇದು ದೊಡ್ಡ ಗುತ್ತಿಗೆಯ ವಿರುದ್ಧದ ವಾದವೇ ಹೊರತು ಸಣ್ಣ ಕೆಲಸಗಳ ವಿರುದ್ಧದ್ದಲ್ಲ. ಐವತ್ತು ಲಕ್ಷದ ಕಾಮಗಾರಿಯಲ್ಲಿ ಎಲ್ಲಿ ಏನು ತಪ್ಪಿತೆಂದು ವೀಡಿಯೊ ಕರೆಯಲ್ಲಿ ಗೊತ್ತಾಗುವುದಿಲ್ಲ. ಅಡುಗೆಮನೆಯ ಮೇಲಿನ ಮಾಡೊಂದನ್ನೇ ಬಿಚ್ಚಿ ಹೊದಿಸಿದರೆ ಬರುವ ಜುಲೈಯ ಮಳೆಯೇ ಪರೀಕ್ಷೆ ಮಾಡುತ್ತದೆ. ಆ ಕೆಲಸ ಚೆನ್ನಾಗಿ ಮಾಡಿದ ಮೇಸ್ತ್ರಿಗೆ ಮುಂದಿನ ವರ್ಷದ ಕೆಲಸ, ಮಾಡದವನ ಜೊತೆ ಅಲ್ಲಿಗೇ ಮುಕ್ತಾಯ. ಎರಡನೆಯದು ಬಿಲ್ಡರ್ ಕೊಡುವ ಫ್ಲ್ಯಾಟುಗಳು. ಜಾಗ ದೊಡ್ಡದು, ರಸ್ತೆ ಅಗಲ, ಪಾಲುದಾರರು ಏಳೆಂಟು ಮಂದಿ ಎಂದಾದರೆ ಅದು ನ್ಯಾಯವಾದ ದಾರಿಯೇ ಇರಬಹುದು. ಐದಾರು ಸೆಂಟ್ಸ್ ಜಾಗ, ಓಣಿಯ ರಸ್ತೆ ಎಂದಾದರೆ ಲೆಕ್ಕ ಬೇರೆ. ಕೆಡವಿದ ಕ್ಷಣದಿಂದ ಹೊಸ ಕಟ್ಟಡಕ್ಕೆ ಇಂದಿನ ಸೆಟ್‌ಬ್ಯಾಕ್, ರಸ್ತೆ ಅಗಲದ ನಿಯಮಗಳು ತಗಲುತ್ತವೆ. ಹಳೆಯ ಮನೆ ನಿಂತಿದ್ದಷ್ಟು ನೆಲವನ್ನು ಅವು ಹೊಸ ಮನೆಗೆ ಬಿಟ್ಟುಕೊಡುವುದು ಕಷ್ಟ. ಮೂರನೆಯದು ಮನಸ್ಸಿಗೆ ನಾಟುವಂಥದ್ದು: ಗುಬ್ರಾದಲ್ಲಿ ಓದಿ ಕೆನಡಾಕ್ಕೋ ಬೆಂಗಳೂರಿಗೋ ಹೋಗುವ ಮಕ್ಕಳು ಈ ಮನೆಗೆ ಬರುತ್ತಾರೆಯೇ? ಬರದೆ ಇರಬಹುದು. ಆದರೆ ಮಕ್ಕಳಿಗಿಂತ ಮೊದಲು ಬರಬೇಕಾದವರು ನಾವು. ಕೆಲಸದ ವೀಸಾ ಮುಗಿದು ಊರಿಗೆ ಮರಳುವ ಗಂಡಹೆಂಡಿರಿಗೆ ಹಾಲಿನವನೂ ವೈದ್ಯರೂ ನೆರೆಯವರೂ ಗೊತ್ತಿರುವ ಓಣಿಯ ಮನೆ, ಹದಿನೆಂಟನೆಯ ಮಹಡಿಯ ಹೊಸ ಫ್ಲ್ಯಾಟಿಗಿಂತ ಹೆಚ್ಚು ಕಾಲ ಆಸರೆಯಾದೀತು. ಮಕ್ಕಳು ಮುಂದೆ ಮಾರಿದರೂ ಅಡ್ಡಿಯಿಲ್ಲ. ಸುಧಾರಣೆಗೆ ಹಾಕಿದ ಖರ್ಚನ್ನು ಬಂಡವಾಳ ಲಾಭದ ಲೆಕ್ಕದಲ್ಲಿ ಕಳೆಯಲು ಬರುತ್ತದೆ. ಅದಕ್ಕಾಗಿ ಬಿಲ್ಲುಗಳನ್ನು ಜೋಪಾನವಾಗಿಡಬೇಕು.

ಎಲ್ಲ ಮನೆಯನ್ನೂ ಉಳಿಸಬಹುದೆಂದು ನಾನು ಹೇಳುತ್ತಿಲ್ಲ. ಪಾಯ ಕುಸಿದು ಗೋಡೆ ಮೇಲಿಂದ ಕೆಳಗಿನವರೆಗೆ ಓರೆಯಾಗಿ ಸೀಳಿದ್ದರೆ, ಸೀಳು ಪ್ರತಿವರ್ಷ ಅಗಲವಾಗುತ್ತಿದ್ದರೆ, ಹತ್ತಾರು ವರ್ಷ ಬಾಗಿಲು ಮುಚ್ಚಿ ಒರಲೆ ಇಡೀ ಮಾಡನ್ನು ತಿಂದಿದ್ದರೆ ಕೆಡವುವುದೇ ಸರಿ. ಅದನ್ನು ಹೇಳಬೇಕಾದವರು ಕಟ್ಟಡ ಬಲ್ಲ ಇಂಜಿನಿಯರು, ಹೊಸ ಗುತ್ತಿಗೆಯ ಆಸೆಯಿರುವ ಕಂಟ್ರಾಕ್ಟರಲ್ಲ.

ನಿಧಾನಕ್ಕೆ ಇರುವ ನಿಜವಾದ ತೊಡಕು ಬೇರೆ. ಮಂಗಳೂರಿನ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ, ಮಾಡು ಹೊದಿಸಬಲ್ಲ ಕೈಗಳೂ ಕಡಿಮೆಯಾಗುತ್ತಿವೆ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಅಚ್ಚಿನ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಸಂದಿನಲ್ಲಿ ಮಳೆನೀರು ಇಳಿಯುತ್ತದೆ. ಆದ್ದರಿಂದ ಮನೆ ಕೊಂಡ ವರ್ಷವೇ ಒಂದು ಹಂಚು ತೆಗೆಸಿ, ಅದರ ಮೇಲೆ ಒತ್ತಿರುವ ಕಾರ್ಖಾನೆಯ ಹೆಸರನ್ನೂ ಗುರುತನ್ನೂ ನೋಡಿಕೊಳ್ಳಬೇಕು. ಊರಿನಲ್ಲಿ ಎಲ್ಲಾದರೂ ಹಳೆಯ ಮನೆ ಕೆಡವುತ್ತಿದ್ದಾರೆಂದು ಕೇಳಿದರೆ ಅದೇ ಗುರುತಿನ ಇನ್ನೂರು ಮುನ್ನೂರು ಹಂಚು ಕೊಂಡು, ಹಿತ್ತಲಿನ ಗೋಡೆಗೆ ಒರಗಿಸಿ, ಲಂಬವಾಗಿ ಜೋಡಿಸಿ ಇಡಲು ತಿಳಿಸಬೇಕು. ಅಡ್ಡ ಮಲಗಿಸಿ ಪೇರಿಸಿದರೆ ಅಡಿಯ ಸಾಲು ಒಡೆಯುತ್ತದೆ.